ಹಳೆಯ ಕಾರಿನ ಎಸಿಯನ್ನು ಆರ್-12ಕ್ಕೆ ಮರಳಿಸುವುದು

ಆರ್-12 ಎಂಬ ಗ್ಯಾಸಿಗಾಗಿ ತಯಾರಾದ, ಆಮೇಲೆ ಯಾವುದೋ ಗ್ಯಾರೇಜಿನಲ್ಲಿ ಆರ್-134ಎ ಎಂಬ ಬೇರೊಂದು ಗ್ಯಾಸು ತುಂಬಿಸಿಕೊಂಡ ಕಾರಿನ ಎಸಿಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಕೆಲಸ. ಭಾರತದಲ್ಲಿ ಇದು 1980ರ ದಶಕದ ನಡುವಿನಿಂದ 1990ರ ದಶಕದ ಕೊನೆಯವರೆಗೆ ಮಾರಾಟವಾದ ಕಾರುಗಳ ಸಂಗತಿ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು 'ಹಳೇ ಗ್ಯಾಸಿಗೆ ವಾಪಸ್ ಮಾಡೋದು'. ಹೆಸರು ಗ್ಯಾಸಿನದಾದರೂ ದುಡಿಮೆಯ ಹೆಚ್ಚು ಪಾಲು ಎಣ್ಣೆಯದು. ಕಂಪ್ರೆಸರ್‌ನ ಒಳಗೆ ಯಾವ ಎಣ್ಣೆ ಇದೆ, ಎಷ್ಟಿದೆ, ಅದು ಗ್ಯಾಸಿನ ಜೊತೆ ಸುತ್ತಿ ಬರುತ್ತದೆಯೇ ಎಂಬುದು ಗೊತ್ತಿಲ್ಲದೆ ಗ್ಯಾಸ್ ಬದಲಾಯಿಸಿದ್ದರಿಂದಲೇ ಇಂಥ ಎಷ್ಟೋ ಎಸಿಗಳು ಕೆಟ್ಟಿವೆ. ಅದೇ ಅಜ್ಞಾನದಲ್ಲಿ ಮರಳಿಸಲು ಹೊರಟರೆ ಮತ್ತೆ ಕೆಡುತ್ತವೆ.

ಗ್ಯಾಸಿನ ಚರಿತ್ರೆ

ಆರ್-12 ಒಂದು ಕ್ಲೋರೊಫ್ಲೋರೊಕಾರ್ಬನ್. ಇದರ ಅಣುವಿನಲ್ಲಿ ಒಂದು ಇಂಗಾಲ, ಎರಡು ಕ್ಲೋರಿನ್, ಎರಡು ಫ್ಲೋರಿನ್ ಪರಮಾಣುಗಳಿವೆ. ಸಮುದ್ರಮಟ್ಟದ ಒತ್ತಡದಲ್ಲಿ ಸುಮಾರು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅಮೆರಿಕದ ಜನರಲ್ ಮೋಟರ್ಸ್‌ಗಾಗಿ ಥಾಮಸ್ ಮಿಡ್ಗ್ಲಿ ಮತ್ತು ಅವರ ಜೊತೆಗಾರರು 1928ರಲ್ಲಿ ಈ ಬಗೆಯ ಗ್ಯಾಸುಗಳನ್ನು ರೂಪಿಸಿದರು. 1930ರಲ್ಲಿ ಅವು ಲೋಕಕ್ಕೆ ಗೊತ್ತಾದವು. ಅದಕ್ಕೆ ಮೊದಲು ಶೀತಲಯಂತ್ರಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳಿದ್ದವು. ಸೋರಿದರೆ ಇವು ಜನರನ್ನು ಕೊಲ್ಲುತ್ತಿದ್ದವು. ಹೊತ್ತಿಕೊಳ್ಳದ, ವಾಸನೆಯಿಲ್ಲದ, ಲೋಹವನ್ನು ತಿನ್ನದ ಹೊಸ ಗ್ಯಾಸು ಆ ದಿನಗಳಲ್ಲಿ ವರವಾಗಿಯೇ ಕಂಡಿತು. ಫ್ರಿಯಾನ್ ಎಂಬ ವ್ಯಾಪಾರನಾಮದಲ್ಲಿ ಅದು ಫ್ರಿಜ್ಜುಗಳಿಗೆ ಬಂದಿತು. ಪ್ಯಾಕರ್ಡ್ ಕಂಪನಿಯ 1940ರ ಮಾದರಿಯೊಂದಿಗೆ ಕಾರಿಗೂ ಬಂದಿತು.

ಭಾರತದಲ್ಲಿ ಸೂರತ್‌ನ ನವೀನ್ ಫ್ಲೋರಿನ್ 1967ರಲ್ಲಿ ಶೀತಕ ಗ್ಯಾಸುಗಳ ತಯಾರಿಕೆ ಆರಂಭಿಸಿತು. ಅದರ 'ಮಾಫ್ರಾನ್' ಎಂಬ ಹೆಸರು ಹಿಂದಿನ ತಲೆಮಾರಿನ ಫ್ರಿಜ್ ರಿಪೇರಿಯವರಿಗೆ ಚೆನ್ನಾಗಿ ನೆನಪಿದೆ. ಕಾರಿನ ಎಸಿ ಇಲ್ಲಿ ತಡವಾಗಿ ಬೇರೂರಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಹೊರಗಿನ ಅಂಗಡಿಯವರು ಡ್ಯಾಶ್‌ಬೋರ್ಡಿನ ಕೆಳಗೆ ಪೆಟ್ಟಿಗೆಯಂತೆ ಕೂಲಿಂಗ್ ಕಾಯಿಲ್ ಕೂರಿಸಿಕೊಡುತ್ತಿದ್ದರು. 1980ರ ದಶಕದ ನಡುವಿನಲ್ಲಿ ಕಾಂಟೆಸ್ಸಾ, ಪ್ರೀಮಿಯರ್ 118 ಎನ್‌ಇಗಳು, 1990ರಲ್ಲಿ ಮಾರುತಿ 1000 ಬಂದ ಮೇಲೆ ಎಸಿ ಮಧ್ಯಮವರ್ಗದ ಕನಸಿನ ಪಟ್ಟಿಗೆ ಸೇರಿತು. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ರೋವರ್ ಮಾಂಟೆಗೊ ಜೋಡಿಸಿ ಮಾರಿದ್ದೂ 1990ರ ದಶಕದಲ್ಲೇ. 1990ರ ದಶಕದ ಕೊನೆಯ ಕಾರುಗಳಲ್ಲಿ ಎರಡೂ ಗ್ಯಾಸುಗಳು ಕಾಣಸಿಗುತ್ತವೆ. ಆದ್ದರಿಂದ ಇಸವಿ ನೋಡಿ ಊಹಿಸುವುದು ತಪ್ಪು. ಬಾನೆಟ್ಟಿನ ಕೆಳಗಿನ ಚೀಟಿ ಅಥವಾ ಕಂಪ್ರೆಸರ್ ಮೇಲಿನ ಫಲಕವನ್ನು ನೋಡಿಯೇ ಹೇಳಬೇಕು.

ಇತ್ತ 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಒಂದು ಎಚ್ಚರಿಕೆ ಕೊಟ್ಟರು. ನೆಲಮಟ್ಟದಲ್ಲಿ ನಿರುಪದ್ರವಿಯಾದ ಈ ಗ್ಯಾಸು ಕರಗದೆ, ಕೆಡದೆ ಮೇಲಕ್ಕೇರಿ, ಅಲ್ಲಿನ ತೀಕ್ಷ್ಣ ಬೆಳಕಿಗೆ ಒಡೆದು, ಬಿಡುಗಡೆಯಾದ ಕ್ಲೋರಿನ್ನಿಂದ ಓಝೋನ್ ಪದರವನ್ನು ಸವೆಸುತ್ತದೆ ಎಂಬುದು ಅವರ ಲೆಕ್ಕ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೆಳುವಾದದ್ದು ಅಳತೆಗೇ ಸಿಕ್ಕಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಓಝೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು 2000ದ ಜುಲೈನಲ್ಲಿ ಹೊರಬಿದ್ದವು. 2003ರ ಜನವರಿ 1ರ ನಂತರ ಹೊಸ ಕಾರಿನ ಎಸಿಯಲ್ಲಿ ಆರ್-12 ಬಳಸುವಂತಿರಲಿಲ್ಲ. ಆಸ್ತಮಾ ಇನ್‌ಹೇಲರ್‌ಗಳ ಅಗತ್ಯವನ್ನು ಬಿಟ್ಟು, 2008ರ ಆಗಸ್ಟ್‌ನಲ್ಲಿಯೇ ಭಾರತ ಈ ಗ್ಯಾಸುಗಳ ತಯಾರಿಕೆ ನಿಲ್ಲಿಸಿತು. 2010ರ ಜನವರಿ 1ರ ಅಂತರರಾಷ್ಟ್ರೀಯ ಗಡುವಿಗೆ ಅದು ಒಂದು ವರ್ಷಕ್ಕೂ ಮೊದಲೇ.

ಪಶ್ಚಿಮ ಬೆಂಗಳೂರಿನ ಸಂದರ್ಭ

ಇಂಥ ಹಳೆಯ ಕಾರುಗಳು ಇನ್ನೂ ಉಳಿದಿರುವ ಬಡಾವಣೆಗಳಲ್ಲಿ ಒಂದಾದ ಅನ್ನಪೂರ್ಣೇಶ್ವರಿ ನಗರವಿರುವುದು ಮಾಗಡಿ ರಸ್ತೆ ಮತ್ತು ನಾಗರಬಾವಿಯ ನಡುವೆ. ಸುಂಕದಕಟ್ಟೆ, ಮಲ್ಲತ್ತಹಳ್ಳಿ ಅದರ ನೆರೆಹೊರೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಹಾಗೆ ಇಲ್ಲಿಯೂ ಸ್ವಂತ ಮನೆ ಕಟ್ಟಿಕೊಂಡು ನೆಲೆನಿಂತ ಕುಟುಂಬಗಳು ಹೆಚ್ಚು. ಅಪ್ಪ ಕೊಂಡ ಕಾರನ್ನು ಮಾರದೆ ಇಟ್ಟುಕೊಳ್ಳುವ ಮನಸ್ಸು ಇಂಥ ಬೀದಿಗಳಲ್ಲಿ ಇನ್ನೂ ಇದೆ. ಕಾನೂನೂ ಅದಕ್ಕೆ ಎಡೆ ಕೊಟ್ಟಿದೆ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಕಾರು ರಸ್ತೆಗಿಳಿಯುವುದಕ್ಕೇ ನ್ಯಾಯಾಲಯದ ತಡೆ ಬಂದಿತು. ಕರ್ನಾಟಕದಲ್ಲಿ ಹಾಗಿಲ್ಲ. ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು.

ಬೆಂಗಳೂರಿನ ಹವೆ ಹಳೆಯ ಎಸಿಗೆ ಒಳ್ಳೆಯದು ಎಂಬ ನಂಬಿಕೆ ಅರ್ಧ ಮಾತ್ರ ನಿಜ. 900 ಮೀಟರಿಗೂ ಎತ್ತರದ ಈ ಊರಿನಲ್ಲಿ ಏಪ್ರಿಲ್‌ನಲ್ಲೂ ಉಷ್ಣಾಂಶ 34, 35ರ ಆಸುಪಾಸಿನಲ್ಲಿರುವುದು ವಾಡಿಕೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾದದ್ದು ಊರಿಗೆ ಊರೇ ಮಾತಾಡಿಕೊಂಡ ಸಂಗತಿ. ರಾಯಚೂರು, ಕಲಬುರಗಿಯ ಬೇಸಿಗೆಗೆ ಹೋಲಿಸಿದರೆ ಕಂಡೆನ್ಸರ್ ಮೇಲಿನ ಹೊರೆ ಇಲ್ಲಿ ಕಡಿಮೆ. ಆದರೆ ಈ ತಂಪೇ ಎಸಿಯನ್ನು ಇನ್ನೊಂದು ರೀತಿಯಲ್ಲಿ ಕೆಡಿಸುತ್ತದೆ. ಜೂನ್‌ನಿಂದ ಜನವರಿಯವರೆಗೆ ಗಾಜು ಇಳಿಸಿದರೆ ಸಾಕು ಎಂದು ಎಸಿ ಗುಂಡಿಯನ್ನೇ ಒತ್ತದವರು ಬಹಳ. ಕಂಪ್ರೆಸರ್‌ನ ಮುಂಭಾಗದಲ್ಲಿ, ಶಾಫ್ಟ್ ಹೊರಬರುವ ಕಡೆ ಒಂದು ಸೀಲ್ ಇದೆ. ಒಳಗೆ ಸುತ್ತುವ ಎಣ್ಣೆಯ ಪಸೆಯಿಂದಲೇ ಅದು ಗ್ಯಾಸನ್ನು ಹಿಡಿದಿಡುತ್ತದೆ. ತಿಂಗಳುಗಟ್ಟಲೆ ಓಡದಿದ್ದರೆ ಪಸೆ ಆರಿ ಗ್ಯಾಸು ಮೆಲ್ಲನೆ ಹೊರಗೆ ಹೋಗುತ್ತದೆ. ಮಾರ್ಚ್‌ನಲ್ಲಿ 'ಕೂಲಿಂಗ್ ಇಲ್ಲ' ಎಂದು ಗ್ಯಾರೇಜಿಗೆ ಬರುವ ಎಷ್ಟೋ ಕಾರುಗಳ ರೋಗ ಇದೇ. ಡಿಸೆಂಬರ್‌ನ ಚಳಿಯಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಎಸಿ ಓಡಿಸುವುದು ಯಾವ ಗ್ಯಾಸಿದ್ದರೂ ಅಗತ್ಯ.

ಎರಡು ಗ್ಯಾಸುಗಳ ನಡುವಿನ ವ್ಯತ್ಯಾಸ

ಆರ್-12ರ ಜಾಗಕ್ಕೆ ಬಂದ ಆರ್-134ಎಯ ಅಣುವಿನಲ್ಲಿ ಕ್ಲೋರಿನ್ ಇಲ್ಲ. ಹಾಗಾಗಿ ಅದು ಓಝೋನನ್ನು ಮುಟ್ಟುವುದಿಲ್ಲ. ಸುಮಾರು ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ. ಒತ್ತಡದ ಲೆಕ್ಕದಲ್ಲಿ ಎರಡೂ ಹತ್ತಿರದ ನೆಂಟರು. 20 ಡಿಗ್ರಿಯಲ್ಲಿ ಎರಡರ ಒತ್ತಡದಲ್ಲಿ ಚದರ ಇಂಚಿಗೆ ಒಂದು ಪೌಂಡಿನಷ್ಟೂ ಅಂತರವಿಲ್ಲ. ಬೆಂಗಳೂರಿನ ಮುಂಜಾನೆಯ ಉಷ್ಣಾಂಶ ವರ್ಷದ ಬಹುಪಾಲು ಇದರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ನಿಂತ ಕಾರಿಗೆ ಬೆಳಗ್ಗೆ ಗೇಜ್ ಸಿಕ್ಕಿಸಿ ಒಳಗೆ ಯಾವ ಗ್ಯಾಸಿದೆಯೆಂದು ಹೇಳುವುದು ಈ ಊರಿನಲ್ಲಿ ಆಗದ ಕೆಲಸ. ಹೇಳುತ್ತೇನೆ ಎನ್ನುವವರನ್ನು ನಂಬಬಾರದು.

ಕಾವು ಏರಿದಂತೆ ದಾರಿ ಬೇರೆಯಾಗುತ್ತದೆ. ಕಂಡೆನ್ಸರ್ 60 ಡಿಗ್ರಿಗೆ ಹೋದಾಗ ಆರ್-12ರ ಒತ್ತಡ ಗೇಜಿನಲ್ಲಿ ಸುಮಾರು 207 ಪೌಂಡ್, ಆರ್-134ಎಯದು ಸುಮಾರು 229. ಸುಮನಹಳ್ಳಿ ಜಂಕ್ಷನ್ನಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತ ಕಾರಿಗೆ ಗಾಳಿಯ ಓಟ ಇರುವುದಿಲ್ಲ, ಎದುರಿನ ಬಸ್ಸಿನ ಬಿಸಿ ಬೇರೆ. ಹಳೆಯ ಕಾಲದ ದಪ್ಪ ಕೊಳವೆಯ ಕಂಡೆನ್ಸರ್ ಈ ಹೆಚ್ಚಿನ ಒತ್ತಡದಲ್ಲಿ ಶಾಖವನ್ನು ಹೊರಹಾಕಲು ಹೆಣಗುತ್ತದೆ, ಕಂಪ್ರೆಸರ್ ತೇಕುತ್ತದೆ, ಒಳಗೆ ಬರುವ ಗಾಳಿ ಬೆಚ್ಚಗಾಗುತ್ತದೆ. 'ಮೊದಲಿನ ಕೂಲಿಂಗ್ ಇಲ್ಲ' ಎಂಬ ದೂರಿನ ಮೂಲ ಇದು. ಮೂಲ ಗ್ಯಾಸಿಗೆ ಮರಳುವ ಆಸೆ ಹುಟ್ಟುವುದೂ ಇಲ್ಲಿಂದಲೇ.

ಆರ್-134ಎಯ ಅಣು ಚಿಕ್ಕದು. ಹಳೆಯ ರಬ್ಬರ್ ಹೋಸ್‌ಗಳ ಗೋಡೆಯಿಂದಲೇ ಅದು ಒಸರಬಲ್ಲದು. ವರ್ಷಗಟ್ಟಲೆ ಎಣ್ಣೆ ಕುಡಿದ ಹೋಸ್‌ಗಳಲ್ಲಿ ಈ ಒಸರು ಹೆದರಿದ್ದಕ್ಕಿಂತ ಕಡಿಮೆ ಎಂಬುದು ಅನುಭವದಿಂದ ತಿಳಿದದ್ದು.

ಎಣ್ಣೆಯ ವಿಷಯ

ಕಾರಿನ ಎಸಿ ಕಂಪ್ರೆಸರ್‌ಗೆ ಎಂಜಿನ್‌ಗಿರುವಂತೆ ಬೇರೆ ಎಣ್ಣೆ ಪಂಪು ಇರುವುದಿಲ್ಲ. ಗ್ಯಾಸಿನಲ್ಲಿ ಕರಗಿ, ಅದರ ಜೊತೆಯೇ ಕಂಡೆನ್ಸರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಕೂಲಿಂಗ್ ಕಾಯಿಲ್ ಸುತ್ತಿ ಮರಳಿ ಬರುವ ಎಣ್ಣೆಯೇ ಅದರ ಉಸಿರು. ಆರ್-12ರ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಮಿನರಲ್ ಎಣ್ಣೆ. ಸುನಿಸೊ 5ಜಿಎಸ್ ಅದರಲ್ಲಿ ಹೆಸರಾದದ್ದು. ಆರ್-12 ಮತ್ತು ಮಿನರಲ್ ಎಣ್ಣೆ ಹಾಲು ನೀರಿನಂತೆ ಬೆರೆಯುತ್ತವೆ. ಆರ್-134ಎ ಜೊತೆ ಮಿನರಲ್ ಎಣ್ಣೆ ಬೆರೆಯುವುದೇ ಇಲ್ಲ. ಅದು ಕೂಲಿಂಗ್ ಕಾಯಿಲ್‌ನ ತಳದಲ್ಲಿ, ಕಂಡೆನ್ಸರ್‌ನ ಬಾಗುಗಳಲ್ಲಿ ನಿಂತುಬಿಡುತ್ತದೆ, ಕಂಪ್ರೆಸರ್ ಒಣಗುತ್ತದೆ. ಅದಕ್ಕಾಗಿ ಆರ್-134ಎ ಜೊತೆ ಪಿಎಜಿ ಅಥವಾ ಎಸ್ಟರ್ ಎಂಬ ಕೃತಕ ಎಣ್ಣೆಗಳನ್ನು ಬಳಸಬೇಕು.

ಆರ್-12 ದುಬಾರಿಯಾಗಿ, ಕೊನೆಗೆ ಸಿಗದೇ ಹೋದ ವರ್ಷಗಳಲ್ಲಿ ನಡೆದ 'ಗ್ಯಾಸ್ ಚೇಂಜ್' ಎಷ್ಟೋ ಕಡೆ ಈ ವಿಚಾರವನ್ನು ಬಿಟ್ಟೇ ನಡೆಯಿತು. ಹಳೆಯ ಗ್ಯಾಸನ್ನು ಗಾಳಿಗೆ ಬಿಡುವುದು, ಅರ್ಧ ಗಂಟೆ ವ್ಯಾಕ್ಯೂಮ್ ಹಾಕುವುದು, ಹೊಸ ಗ್ಯಾಸ್ ತುಂಬುವುದು, ಅಷ್ಟೇ. ಆ ದಿನ ಕೂಲಿಂಗ್ ಚೆನ್ನಾಗಿಯೇ ಬಂತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಂಪ್ರೆಸರ್ ಕಿರುಗುಟ್ಟಿತು, ಸವೆದ ಲೋಹದ ಕಪ್ಪು ಪುಡಿ ಎಲ್ಲ ಕೊಳವೆಗಳಿಗೂ ಹಬ್ಬಿತು. ದೂರು ಬಂದದ್ದು ಹೊಸ ಗ್ಯಾಸಿನ ಮೇಲೆ. ತಪ್ಪು ಇದ್ದದ್ದು ಮಾಡಿದ ಕೆಲಸದಲ್ಲಿ.

ಮರಳುವ ದಾರಿಯಲ್ಲಿ ಸಮಸ್ಯೆ ತಲೆಕೆಳಗಾಗುತ್ತದೆ. ಪಿಎಜಿ ಎಣ್ಣೆಗೂ ಆರ್-12ರ ಕ್ಲೋರಿನ್ನಿಗೂ ಆಗಿಬರುವುದಿಲ್ಲ, ಎಣ್ಣೆ ಕೆಡುತ್ತದೆ. ಪಿಎಜಿ ಗಾಳಿಯ ತೇವವನ್ನೂ ಹೀರುತ್ತದೆ. ಮುಚ್ಚಳ ತೆಗೆದಿಟ್ಟ ಡಬ್ಬಿ ಜುಲೈನ ಒಂದು ಮಳೆಯ ಸಂಜೆಯಲ್ಲೇ ಬಳಕೆಗೆ ಬಾರದಂತಾಗಬಹುದು. ಆದ್ದರಿಂದ ವ್ಯವಸ್ಥೆಯಲ್ಲಿ ಪಿಎಜಿ ಇದ್ದರೆ ಒಂದು ಹನಿಯೂ ಉಳಿಯದಂತೆ ತೊಳೆಯಬೇಕು. ಎಸ್ಟರ್ ಇದ್ದರೆ ಅಪಾಯ ಕಡಿಮೆ. ಅದು ಎರಡೂ ಗ್ಯಾಸುಗಳನ್ನು ತಾಳಿಕೊಳ್ಳುತ್ತದೆ. ಹಾಗೆಂದು ತೊಳೆಯುವ ಕೆಲಸದಿಂದ ವಿನಾಯಿತಿ ಇಲ್ಲ.

ಒಳಗಿರುವುದು ಏನೆಂದು ತಿಳಿಯುವುದು

ಕೆಲಸದ ಮೊದಲ ಹೆಜ್ಜೆ ಇದು, ಪ್ರಾಣಕ್ಕೆ ಸಂಬಂಧಿಸಿದ್ದು ಕೂಡ. ಒತ್ತಡದಿಂದ ತಿಳಿಯುವುದಿಲ್ಲ ಎಂದು ಮೇಲೆ ಹೇಳಿದೆ. ಗ್ಯಾಸಿನ ಜಾತಿ ಹೇಳುವ ಐಡೆಂಟಿಫೈಯರ್ ಯಂತ್ರವೊಂದೇ ಗತಿ. ಅದು ಎಲ್ಲ ಗ್ಯಾರೇಜಿನಲ್ಲೂ ಇರುವುದಿಲ್ಲ. ಇರುವ ಕಡೆಗೆ ಕಾರು ಒಯ್ಯುವುದು ಜಾಣತನ. ಹಳಬರು ಬಳಸುತ್ತಿದ್ದ ಹೇಲೈಡ್ ದೀಪ ಸೋರಿಕೆಯ ಕಡೆ ಹಿಡಿದಾಗ ಹಸಿರು ಜ್ವಾಲೆ ತೋರಿಸುತ್ತಿತ್ತು. ಅದು ತೋರಿಸುತ್ತಿದ್ದದ್ದು ಕ್ಲೋರಿನ್ನನ್ನು. ಆರ್-134ಎಗೆ ಆ ಜ್ವಾಲೆ ಬಣ್ಣ ಬದಲಿಸುವುದಿಲ್ಲ. ಆದರೆ ಆರ್-12 ಉರಿಯಲ್ಲಿ ಸುಟ್ಟಾಗ ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಆ ದೀಪವನ್ನು ಈಗ ಯಾರೂ ಹಚ್ಚಬಾರದು.

ಒಳಗೆ ಎರಡು ಗ್ಯಾಸು ಬೆರೆತಿದ್ದರೆ ಒತ್ತಡ ಎರಡಕ್ಕಿಂತಲೂ ಹೆಚ್ಚಾಗುತ್ತದೆ. ಆ ಮಿಶ್ರಣವನ್ನು ಸುಲಭವಾಗಿ ಬೇರ್ಪಡಿಸಲು ಬರುವುದಿಲ್ಲ. ಅಂದರೆ ಒಂದು ಹಿಡಿ ಆರ್-134ಎ ಬಿದ್ದರೆ ಉಳಿದ ಆರ್-12 ಎಲ್ಲವೂ ಹಾಳಾದಂತೆಯೇ. ಮನೆಯ ಎಸಿಯ ಆರ್-22 ಅನ್ನು ಕಾರಿಗೆ ತುಂಬುವುದು ಇನ್ನೂ ಅಪಾಯದ ಕೆಲಸ. 50 ಡಿಗ್ರಿಯಲ್ಲಿ ಅದರ ಒತ್ತಡ ಆರ್-12ರ ಒಂದೂವರೆ ಪಟ್ಟಿಗೂ ಹೆಚ್ಚು. ಹಳೆಯ ಹೋಸ್‌ಗೆ ಅದು ಮೃತ್ಯು.

'ಆರ್-12ರ ಬದಲಿ' ಎಂದು ಮಾರುವ ಕೆಲವು ಗ್ಯಾಸುಗಳು ಪ್ರೊಪೇನ್ ಮತ್ತು ಐಸೊಬ್ಯೂಟೇನ್ ಮಿಶ್ರಣಗಳು. ಅಂದರೆ ಅಡುಗೆ ಅನಿಲದ ಬಳಗ. ಮಿನರಲ್ ಎಣ್ಣೆಯೊಂದಿಗೆ ಚೆನ್ನಾಗಿ ಹೊಂದುತ್ತವೆ, ಓಝೋನಿಗೆ ಹಾನಿಯಿಲ್ಲ, ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಸಾಕು, ಕೂಲಿಂಗ್ ಕೂಡ ಚೆನ್ನ. ಇಂದಿನ ಮನೆ ಫ್ರಿಜ್ಜುಗಳಲ್ಲಿ ಐಸೊಬ್ಯೂಟೇನ್ ಇದೆ. ಅಲ್ಲಿ ಅದು ಕೆಲವೇ ಹತ್ತು ಗ್ರಾಂ, ಬೆಸುಗೆ ಹಾಕಿ ಮುಚ್ಚಿದ ಕೊಳವೆಯಲ್ಲಿ. ಕಾರಿನಲ್ಲಿ ಕೂಲಿಂಗ್ ಕಾಯಿಲ್ ಇರುವುದು ಪ್ರಯಾಣಿಕರ ಮೊಣಕಾಲಿನ ಮುಂದೆ, ಹಳೆಯ ಓ-ರಿಂಗ್‌ಗಳ ಭರವಸೆಯ ಮೇಲೆ. ಗಾಜು ಏರಿಸಿದ ಕಾರಿನೊಳಗೆ ಅದು ಸೋರಿದಾಗ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ಹಳೆಯ ಕಾರುಗಳಿಗೆ ಇಂಥ ಮಿಶ್ರಣ ತುಂಬುವುದಕ್ಕೆ ಅನುಮತಿ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ನಕಲಿ ಆರ್-134ಎ. 2011ರಲ್ಲಿ ವಿಯೆಟ್ನಾಮಿನಲ್ಲಿ ಗ್ಯಾಸ್ ತುಂಬಿಸಿಕೊಂಡಿದ್ದ ಹಡಗಿನ ಶೀತಲ ಕಂಟೇನರುಗಳು ಸಿಡಿದು ಜನ ಸತ್ತರು. ಒಳಗಿದ್ದದ್ದು ಮೀಥೈಲ್ ಕ್ಲೋರೈಡ್. ಆರ್-12 ಹುಟ್ಟಿದ್ದು ಯಾವುದನ್ನು ಮೂಲೆಗೆ ತಳ್ಳಲೆಂದೋ ಅದೇ ವಿಷ, ಎಂಬತ್ತು ವರ್ಷದ ಮೇಲೆ ಅಗ್ಗದ ಸಿಲಿಂಡರಿನಲ್ಲಿ ಮರಳಿ ಬಂದಿತ್ತು. ಒತ್ತಡ ಆರ್-134ಎಗೆ ಹತ್ತಿರ, ಹಾಗಾಗಿ ಗೇಜಿಗೆ ಸಿಕ್ಕಿಬೀಳುವುದಿಲ್ಲ. ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಕಾರಿನ ಕಂಪ್ರೆಸರ್, ಕಾಯಿಲ್ ಎರಡೂ ಸಾಮಾನ್ಯವಾಗಿ ಅಲ್ಯೂಮಿನಿಯಂನವೇ. ಸಿಲಿಂಡರಿನ ಬಣ್ಣ ನೋಡಿ ಕೊಳ್ಳುವ ಹಳೆಯ ಅಭ್ಯಾಸಕ್ಕೆ ಈಗ ಬೆಲೆಯಿಲ್ಲ. ಬಿಲ್ ಕೊಡುವ, ತಯಾರಕರ ಹೆಸರು ತೋರಿಸುವ ಅಂಗಡಿಯಿಂದಲೇ ಕೊಳ್ಳಬೇಕು.

ಮರಳಿಸುವ ಕ್ರಮ

ಒಳಗಿನ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಸಿಲಿಂಡರನ್ನು ನೂರಕ್ಕೆ 80ಕ್ಕಿಂತ ಹೆಚ್ಚು ತುಂಬಬಾರದು, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಆಮೇಲೆ ಕೊಳವೆಗಳನ್ನು ಬಿಚ್ಚಿ ಕಂಡೆನ್ಸರ್, ಕೂಲಿಂಗ್ ಕಾಯಿಲ್, ಪೈಪುಗಳನ್ನು ಒಂದೊಂದಾಗಿ ತೊಳೆಯುವ ದ್ರಾವಕದಿಂದ ತೊಳೆದು, ಒಣ ನೈಟ್ರೋಜನ್ ಹಾಯಿಸಿ ಒಣಗಿಸಬೇಕು. ಟೈರಿಗೆ ಹೊಡೆಯುವ ಗಾಳಿಯಲ್ಲಿ ನೀರಿನಂಶವಿರುತ್ತದೆ, ಅದು ಕೂಡದು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅಂತೂ ಎಣ್ಣೆಯ ಜೊತೆ ಸೇರಿದರೆ ಸ್ಫೋಟವೇ. ಹಿಂದೆ ತೊಳೆಯಲು ಬಳಸುತ್ತಿದ್ದ ಆರ್-11 ಮತ್ತು ಆರ್-141ಬಿ ಕೂಡ ಓಝೋನ್ ನಾಶಕಗಳೇ. ಅವೂ ಬಳಕೆಯಿಂದ ಹೋಗಿವೆ.

ಕಂಪ್ರೆಸರನ್ನು ದ್ರಾವಕದಿಂದ ತೊಳೆಯುವಂತಿಲ್ಲ. ಅದನ್ನು ಇಳಿಸಿ, ಬೋರಲು ಹಾಕಿ, ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತ ಎಣ್ಣೆಯನ್ನು ಬಸಿಯಬೇಕು. ಸ್ವಲ್ಪ ಹೊಸ ಮಿನರಲ್ ಎಣ್ಣೆ ಹಾಕಿ ತಿರುಗಿಸಿ ಮತ್ತೆ ಬಸಿಯಬೇಕು. ಹೀಗೆ ಎರಡು ಮೂರು ಸಲ. ಬಸಿದ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡುವುದು ಒಳ್ಳೆಯ ಮೆಕ್ಯಾನಿಕ್‌ನ ಲಕ್ಷಣ. ಬೂದು ಮಿನುಗು ಕಂಡರೆ ಕಂಪ್ರೆಸರ್ ಸವೆದಿದೆ, ಅದಕ್ಕೆ ಅಪರೂಪದ ಗ್ಯಾಸು ತುಂಬುವುದು ವ್ಯರ್ಥ. ಕೊನೆಗೆ ತಯಾರಕರು ಹೇಳಿದಷ್ಟೇ ಎಣ್ಣೆಯನ್ನು ಅಳೆದು ಹಾಕಬೇಕು. ಹೆಚ್ಚಾದರೆ ಕೂಲಿಂಗ್ ಕುಂದುತ್ತದೆ, ಕಡಿಮೆಯಾದರೆ ಕಂಪ್ರೆಸರ್ ಹೋಗುತ್ತದೆ.

ಡ್ರೈಯರ್ ಬಾಟಲಿಯನ್ನು ಬದಲಾಯಿಸಲೇಬೇಕು. ತೇವ ಹೀರುವ ಅದರ ಒಳಹರಳುಗಳಲ್ಲಿ ಆರ್-12ಕ್ಕೆ ಮಾತ್ರ ಸಲ್ಲುವವೂ ಇವೆ, ಎರಡಕ್ಕೂ ಸಲ್ಲುವವೂ ಇವೆ. ಈಗ ಸಿಗುವುದು ಎರಡಕ್ಕೂ ಸಲ್ಲುವುದೇ, ಅದು ಸಾಕು. ಆದರೆ ಅದರ ಮುಚ್ಚಳ ತೆಗೆಯುವುದು ಉಳಿದೆಲ್ಲ ಜೋಡಣೆ ಮುಗಿದ ಮೇಲೆ, ಎಲ್ಲಕ್ಕಿಂತ ಕೊನೆಗೆ. ಮಳೆಗಾಲದಲ್ಲಂತೂ ಈ ಶಿಸ್ತು ತಪ್ಪಬಾರದು. ಎಕ್ಸ್‌ಪ್ಯಾನ್ಷನ್ ವಾಲ್ವನ್ನು ಆರ್-134ಎಗೆಂದು ಯಾರಾದರೂ ಬದಲಿಸಿದ್ದರೆ ಆರ್-12ರದನ್ನೇ ಹುಡುಕಿ ಹಾಕಬೇಕು. ಹಸಿರು ಓ-ರಿಂಗ್‌ಗಳು ಎರಡೂ ಗ್ಯಾಸಿಗೆ ಒಗ್ಗುತ್ತವೆ, ಹಿಂದಿನ ಕಪ್ಪು ರಿಂಗ್ ಬೇಕೆಂಬ ಹಟ ಬೇಡ. ಯಾರಾದರೂ ಹೊಸ ಬಗೆಯ ತೆಳು ಕೊಳವೆಗಳ ಕಂಡೆನ್ಸರ್ ಹಾಕಿಸಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಲಾಭ. ಕಾರನ್ನು ಪ್ರದರ್ಶನಕ್ಕೆ ಒಯ್ಯುವವರು ಮಾತ್ರ ಮೂಲದ್ದನ್ನು ಹುಡುಕಿಯಾರು. ತೆಳು ಕೊಳವೆಯ ಕಂಡೆನ್ಸರಿನ ಒಳಗಾತ್ರ ಚಿಕ್ಕದಾದ್ದರಿಂದ ಗ್ಯಾಸಿನ ತೂಕ ಕಡಿಮೆ ಬೇಕಾಗುತ್ತದೆ ಎಂಬುದು ನೆನಪಿರಲಿ.

ವ್ಯಾಕ್ಯೂಮ್ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಲೆಕ್ಕವಿದೆ. ಕೈಪಿಡಿಗಳು ಬರೆದಿರುವುದು ಸಮುದ್ರಮಟ್ಟಕ್ಕೆ. ಅಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್. 920 ಮೀಟರ್ ಎತ್ತರದಲ್ಲಿ ಅದು ಸುಮಾರು 680. ಆದ್ದರಿಂದ ಎಷ್ಟೇ ಒಳ್ಳೆಯ ಪಂಪು ಹಾಕಿದರೂ ಇಲ್ಲಿನ ಸಾಮಾನ್ಯ ಗೇಜ್ 680ರ ಆಚೆ ಹೋಗದು. ಕೈಪಿಡಿಯ 740 ಬರಲಿಲ್ಲವೆಂದು ಇಲ್ಲದ ಸೋರಿಕೆ ಹುಡುಕುವುದು ವ್ಯರ್ಥ. 25 ಡಿಗ್ರಿಯಲ್ಲಿ ನೀರು ಕುದಿದು ಆವಿಯಾಗಲು ಒಳಗಿನ ಒತ್ತಡ 24 ಮಿಲಿಮೀಟರಿಗಿಂತ ಕೆಳಗಿಳಿಯಬೇಕು. ಅಂದರೆ ನಮ್ಮ ಗೇಜಿನಲ್ಲಿ 656 ದಾಟಿದ ಮೇಲೆಯೇ ಒಳಗಿನ ತೇವ ಹೊರಡಲು ಆರಂಭ. ಅಲ್ಲಿಂದ ಮುಂದೆ ಒಂದು ಗಂಟೆಯಾದರೂ ಪಂಪು ಓಡಬೇಕು. ಬಳಿಕ ಪಂಪು ನಿಲ್ಲಿಸಿ ಅರ್ಧ ಗಂಟೆ ಮುಳ್ಳು ಅಲುಗದೆ ನಿಲ್ಲುವುದೇ ಎಂದು ಕಾಯಬೇಕು. ಇದೇ ಎತ್ತರದ ಕಾರಣಕ್ಕೆ ಚಾಲನೆಯಲ್ಲಿರುವ ಎಸಿಯ ಗೇಜ್ ಓದು ಮುದ್ರಿತ ಕೋಷ್ಟಕಕ್ಕಿಂತ ಒಂದೂವರೆ ಪೌಂಡ್ ಹೆಚ್ಚಿರುವುದು ಇಲ್ಲಿ ಸಹಜ.

ಗ್ಯಾಸ್ ತುಂಬುವುದು ತಕ್ಕಡಿಯ ಮೇಲೆ, ತೂಕ ನೋಡಿ. ಆರ್-134ಎಗೆ ಬದಲಿಸಿದವರು ಮೂಲ ತೂಕದ 80ರಿಂದ 90 ಪ್ರತಿಶತ ಮಾತ್ರ ತುಂಬಿರುತ್ತಾರೆ. ಮರಳುವಾಗ, ಮೂಲ ಕಂಡೆನ್ಸರ್ ಇದ್ದರೆ, ಚೀಟಿಯಲ್ಲಿರುವ ಪೂರ್ಣ ತೂಕವೇ ಲೆಕ್ಕ. ಹಳೆಯ ಮಾದರಿಯ ಡ್ರೈಯರ್ ಮೇಲಿನ ಪುಟ್ಟ ಗಾಜಿನ ಕಿಟಕಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಆರ್-12ರಲ್ಲಿ ಗುಳ್ಳೆ ಕಂಡರೆ ಗ್ಯಾಸ್ ಕಡಿಮೆ, ತಿಳಿಯಾದರೆ ಸರಿ. ಆರ್-134ಎಯಲ್ಲಿ ಅದೇ ಕಿಟಕಿ ಮಸುಕಾಗಿ ದಾರಿ ತಪ್ಪಿಸುತ್ತದೆ. ಸೇವಾ ವಾಲ್ವ್‌ಗಳಿಗೆ ಹಾಕಿದ್ದ ಅಡಾಪ್ಟರ್ ತೆಗೆದು ಮೂಲದ ತಿರುಪಿನ ಬಾಯಿಯನ್ನೇ ಉಳಿಸಬೇಕು. ಹಾಗೆ ಮಾಡಿದರೆ ಮುಂದಿನವರು ತಪ್ಪು ಹೋಸ್ ಸಿಕ್ಕಿಸಲಾರರು. ಗ್ಯಾಸಿನ ಹೆಸರು, ತೂಕ, ಎಣ್ಣೆ, ದಿನಾಂಕ ಬರೆದ ಚೀಟಿಯನ್ನು ಬಾನೆಟ್ಟಿನ ಒಳಗೆ ಅಂಟಿಸದೆ ಕೆಲಸ ಮುಗಿಯಿತೆನ್ನುವಂತಿಲ್ಲ.

ಗ್ಯಾಸ್ ಎಲ್ಲಿಂದ

ಮಾಂಟ್ರಿಯಲ್ ಒಪ್ಪಂದದ ಭಾಷೆಯಲ್ಲಿ 'ಬಳಕೆ' ಎಂದರೆ ತಯಾರಿಕೆಗೆ ಆಮದನ್ನು ಕೂಡಿಸಿ ರಫ್ತನ್ನು ಕಳೆದದ್ದು. ಹಳೆಯ ಫ್ರಿಜ್ಜು, ನೀರಿನ ಕೂಲರ್, ಗುಜರಿಗೆ ಹೋಗುವ ಕಾರುಗಳಿಂದ ಹಿಡಿದಿಟ್ಟು ಶುದ್ಧಮಾಡಿದ ಗ್ಯಾಸು ಈ ಲೆಕ್ಕಕ್ಕೆ ಬರುವುದಿಲ್ಲ. ಮೂಲ ಗ್ಯಾಸಿಗೆ ಮರಳಲು ಇಂದು ಉಳಿದಿರುವ ನ್ಯಾಯವಾದ ದಾರಿ ಅದೊಂದೇ. 'ಹೊಸ ಆರ್-12' ಎಂದು ಯಾರಾದರೂ ಮಾರಿದರೆ ಅದು ಹದಿನೈದು ವರ್ಷಕ್ಕೂ ಹಳೆಯ ದಾಸ್ತಾನು, ಇಲ್ಲವೇ ಕಳ್ಳಮಾಲು, ಇಲ್ಲವೇ ಮೇಲೆ ಹೇಳಿದ ಹೊತ್ತಿಕೊಳ್ಳುವ ಮಿಶ್ರಣ.

ಹಿಡಿದಿಟ್ಟ ಗ್ಯಾಸೇ ಆದರೂ ಜವಾಬ್ದಾರಿ ಕಡಿಮೆಯಾಗದು. ಆರ್-12ರ ಒಂದು ಅಣು ವಾತಾವರಣದಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ. ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 10,900 ಪಟ್ಟು. ಕಾರಿನೊಳಗಿನ 750 ಗ್ರಾಂ ಸೋರಿಹೋದರೆ ಸುಮಾರು 8 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಪೆಟ್ರೋಲಿಗೆ ಪರಿವರ್ತಿಸಿದರೆ ಮೂರೂವರೆ ಸಾವಿರ ಲೀಟರ್. ಲೀಟರಿಗೆ 14 ಕಿಲೋಮೀಟರ್ ಕೊಡುವ ಕಾರು ಅಷ್ಟರಲ್ಲಿ ಸುಮಾರು 50 ಸಾವಿರ ಕಿಲೋಮೀಟರ್ ಓಡುತ್ತದೆ. ಅದೇ ಕಾರಿನಲ್ಲಿ ಆರ್-134ಎ ಇದ್ದು ಸೋರಿದರೆ ಒಂದು ಟನ್ನಿಗೂ ಕಡಿಮೆ, ಓಝೋನಿಗೆ ಹಾನಿಯೂ ಇಲ್ಲ.

ಮರಳಿಸಬೇಕೆ?

ಕೂಲಿಂಗ್‌ಗಾಗಿ ಮಾತ್ರವಾದರೆ, ಬೆಂಗಳೂರಿನಲ್ಲಿ ಬೇಕಿಲ್ಲ. ಇಲ್ಲಿನ ಕಾವಿಗೆ ಸರಿಯಾಗಿ ಮಾಡಿದ ಆರ್-134ಎ ಪರಿವರ್ತನೆ ಸಾಕು. ತೊಳೆದ ಕೊಳವೆ, ಎಸ್ಟರ್ ಎಣ್ಣೆ, ಹೊಸ ಡ್ರೈಯರ್, ಸಾಧ್ಯವಾದರೆ ತೆಳು ಕೊಳವೆಯ ಕಂಡೆನ್ಸರ್, ಅದರ ಮುಂದೆ ಒಂದು ಹೆಚ್ಚುವರಿ ಎಲೆಕ್ಟ್ರಿಕ್ ಫ್ಯಾನ್, ಇಷ್ಟಿದ್ದರೆ ಸಿಗ್ನಲ್ಲಿನಲ್ಲೂ ತಂಪು ಬರುತ್ತದೆ. ಬಹುಪಾಲು ಹಳೆಯ ಕಾರುಗಳಲ್ಲಿ ಕೆಟ್ಟಿರುವುದು ಪರಿವರ್ತನೆಯ ಕೆಲಸವೇ, ಅದನ್ನು ಸರಿಯಾಗಿ ಮಾಡಿಸಿದರೆ ಮರಳುವ ಯೋಚನೆಯೇ ಬಾರದು.

ಕಾರನ್ನು ಹುಟ್ಟಿದ ರೂಪದಲ್ಲೇ ಉಳಿಸಬೇಕೆನ್ನುವವರ ಮಾತು ಬೇರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾದ ಟ್ಯೂರಿನ್ ಸನ್ನದು ಮೂಲ ಭಾಗಗಳಿಗೂ, ಮುಂದೆ ಮತ್ತೆ ತೆಗೆಯಬಹುದಾದ ಮಾರ್ಪಾಡಿಗೂ ಬೆಲೆ ಕೊಡುತ್ತದೆ. ಭಾರತದಲ್ಲಿ 2021ರ ಜುಲೈನ ನಿಯಮ 50 ವರ್ಷ ದಾಟಿದ, ಮೂಲರೂಪ ಕಳೆದುಕೊಳ್ಳದ ವಾಹನಗಳಿಗೆ 'ವಿಎ' ಅಕ್ಷರದ ಪ್ರತ್ಯೇಕ ನೋಂದಣಿ ಕೊಡುತ್ತದೆ. 1985ರ 118 ಎನ್‌ಇ ಆ ವಯಸ್ಸಿಗೆ ಬರುವುದು 2035ರಲ್ಲಿ. ಅಲ್ಲಿಯವರೆಗೆ ಮೂಲ ಕಂಪ್ರೆಸರ್, ಮೂಲ ವಾಲ್ವ್, ಮೂಲ ತಿರುಪುಗಳನ್ನು ಬಿಸಾಡದೆ ಡಬ್ಬಿಯಲ್ಲಿ ಜೋಪಾನ ಮಾಡಿದರೂ ಸಾಕು, ಗ್ಯಾಸನ್ನು ಯಾವಾಗ ಬೇಕಾದರೂ ಬದಲಿಸಬಹುದು. ಆರ್-12 ತುಂಬಿಸಲೇಬೇಕೆಂದರೆ ಮೂರು ಸಂಗತಿ ಕೈಯಲ್ಲಿರಲಿ: ಮೂಲ ಗೊತ್ತಿರುವ ಗ್ಯಾಸು, ನೈಟ್ರೋಜನ್ ತುಂಬಿಟ್ಟರೂ ಒಂದು ರಾತ್ರಿಯಲ್ಲಿ ಒತ್ತಡ ಇಳಿಯದ ಕೊಳವೆಗಳು, ಮುಂದೆ ಕಾರು ಬಿಚ್ಚುವಾಗ ಗ್ಯಾಸನ್ನು ಹಿಡಿದಿಟ್ಟುಕೊಳ್ಳಬಲ್ಲ ಯಂತ್ರವುಳ್ಳ ಗ್ಯಾರೇಜು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೈ ಹಾಕಬಾರದು.

ಆರ್-134ಎಗೂ ಕೊನೆಗಾಲ ಗೊತ್ತಾಗಿದೆ. 2016ರ ಅಕ್ಟೋಬರ್‌ನ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿತು. ಅದರಂತೆ ಈ ಬಗೆಯ ಗ್ಯಾಸುಗಳನ್ನು 2032ರಿಂದ ಹಂತಹಂತವಾಗಿ ತಗ್ಗಿಸಿ 2047ರ ಹೊತ್ತಿಗೆ 85 ಪ್ರತಿಶತ ಇಳಿಸಬೇಕು. ಯೂರೋಪಿನಲ್ಲಿ 2017ರಿಂದಲೇ ಹೊಸ ಕಾರುಗಳಲ್ಲಿ ಅದಿಲ್ಲ.

ಅನ್ನಪೂರ್ಣೇಶ್ವರಿ ನಗರದಲ್ಲಾಗಲಿ, ಜೆ.ಸಿ. ರಸ್ತೆಯ ಹಳೆಯ ಅಂಗಡಿಯಲ್ಲಾಗಲಿ, ಊರಿನ ಯಾವುದೇ ಗ್ಯಾರೇಜಿನ ಮೂಲೆಯಲ್ಲಾಗಲಿ ಅರ್ಧ ಖಾಲಿಯಾದ ಆರ್-12 ಸಿಲಿಂಡರ್ ಉಳಿದಿದ್ದರೆ ದಯವಿಟ್ಟು ಅದರ ವಾಲ್ವ್ ತೆರೆಯಬೇಡಿ, ತೂಕಕ್ಕೆ ಗುಜರಿಗೂ ಹಾಕಬೇಡಿ. ಗ್ಯಾಸ್ ಹಿಡಿದಿಡುವ ಯಂತ್ರ ಇರುವವರ ಕೈಗೆ ಒಪ್ಪಿಸಿ.